ಒಂಬತ್ತು ಮುಖಪುಟಗಳ ಹಿಂದಿನ ಹೆಂಗಸು

ಬುಧವಾರ ಬೆಳಗ್ಗೆ ಎಂಟಕ್ಕೆ ಅಪ್ಪನ ಫೋನು ಬಂದಾಗ ಸ್ಕೇಲಕ್ಕ ಇನ್ನೂ ತಲೆ ಒರೆಸಿಕೊಳ್ಳುತ್ತಿದ್ದಳು. ಬಸ್ ನಿಲ್ದಾಣದ ಎದುರು ಮೂವತ್ತೆರಡು ವರ್ಷದಿಂದ ಪತ್ರಿಕೆ ಮಾರುವ ಮನುಷ್ಯ ಅಪ್ಪ. ಅಂಗಡಿ ತೆರೆದ ಮೇಲೆ ಮಗಳಿಗಿರಲಿ, ಹೆಂಡತಿಗೂ ಫೋನು ಮಾಡುವವನಲ್ಲ.

"ನಿಮ್ಮ ಈ ತಿಂಗಳ ಗಾಯಕ ಆಗ್ಲೇ ನನ್ನ ಅಂಗಡೀಲಿ ಬಂದು ಕೂತಿದಾನಲ್ಲೇ," ಎಂದ. "ಅದೇ ನೀಲಿ ಕೋಟು. ಗದ್ದಕ್ಕೆ ಅದೇ ಕೈ."

ಸ್ಕೇಲಕ್ಕ ಒಂದು ಸಂಗೀತ ಮಾಸಪತ್ರಿಕೆಯ ಪುಟಗಳನ್ನು ವಿನ್ಯಾಸ ಮಾಡುವವಳು. ಸದಾ ಕೈಯಲ್ಲಿ ಒಂದು ಸ್ಟೀಲ್ ಸ್ಕೇಲು ಹಿಡಿದಿರುತ್ತಿದ್ದರಿಂದ ಕಚೇರಿಯಲ್ಲಿ ಆ ಹೆಸರು ಬಿದ್ದಿತ್ತು. ಈಗ ಅಪ್ಪನೂ ತಮಾಷೆಗೆ ಹಾಗೇ ಕರೆಯುತ್ತಿದ್ದ. ಆ ಗಾಯಕನ ಚಿತ್ರವಿದ್ದ ಈ ಸಂಚಿಕೆಯ ಮುಖಪುಟ ಸಿದ್ಧವಾಗಿ, ಅದರ ಒಂದು ಪ್ರತಿಯನ್ನು ನಿನ್ನೆ ಸಂಜೆಯಷ್ಟೇ ಅವನಿಗೆ ತೋರಿಸಿದ್ದಳು. ಇಂದು ಸಂಜೆ ಐದಕ್ಕೆ ಅದು ಮುದ್ರಣಾಲಯ ಸೇರಬೇಕು.

ಒದ್ದೆ ತಲೆಯಲ್ಲೇ ಅಂಗಡಿಗೆ ಓಡಿದಳು. ಎದುರಾಳಿ ಪತ್ರಿಕೆ ಈ ಸಲ ಒಂದು ವಾರ ಮೊದಲೇ ಹೊರಬಿದ್ದಿತ್ತು. ಗಾಯಕನ ಕಡೆಯವರು ಒಂದೇ ದಿನ ತೆಗೆಸಿದ ಫೋಟೋಗಳನ್ನು ಇಬ್ಬರಿಗೂ ಹಂಚಿ ಕೈತೊಳೆದುಕೊಂಡಿದ್ದರು. ಅಲ್ಲಿ ತಲೆ ತುಸು ಬಲಕ್ಕೆ, ಇಲ್ಲಿ ತುಸು ಎಡಕ್ಕೆ, ಅಷ್ಟೇ ವ್ಯತ್ಯಾಸ. ತಮ್ಮದನ್ನು ಇನ್ನು ಮುದ್ರಣಕ್ಕೆ ಕಳಿಸುವಂತಿಲ್ಲ ಎಂದು ಸ್ಕೇಲಕ್ಕನಿಗೆ ಖಚಿತವಾಯಿತು. ಮರುಕ್ಷಣವೇ, ಅವಳಿಗೇ ನಾಚಿಕೆಯಾಗುವಂತೆ, ಖುಷಿಯಾಯಿತು. ಒಂದು ತಿಂಗಳಿಂದ ಇನ್ನೊಂದು ಮುಖಪುಟ ಅವಳ ತಲೆಯಲ್ಲಿ ಕೂತು ಕುಟುಕುತ್ತಿತ್ತು. ಹೇಳಿದರೆ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಇವತ್ತು ಕೇಳಲೇಬೇಕು.

ಆ ಯೋಚನೆ ಹುಟ್ಟಿದ್ದು ಕಚೇರಿಯ ಗೋಡೆಯ ಮೇಲೆ. ಸಂಗೀತ ಪತ್ರಿಕೆಗಳ ಮುಖಪುಟಗಳೆಲ್ಲ ಯಾಕೆ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ ಎಂದು ನೋಡಲು ಅವಳು ಮೂರು ತಿಂಗಳಿಂದ ಹಳೆಯ ಸಂಚಿಕೆಗಳನ್ನು ಒಟ್ಟುಮಾಡಿ, ಇನ್ನೂರ ಹನ್ನೆರಡು ಮುಖಪುಟಗಳನ್ನು ಸಾಲಾಗಿ ಅಂಟಿಸಿದ್ದಳು. ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಹೋದಂತೆ ಒಂದೊಂದೇ ಗುಟ್ಟು ಬಿಡಿಸಿಕೊಂಡಿತು. ಯುವಜನರ ಪಾಪ್ ಪತ್ರಿಕೆಯಲ್ಲಿ ಮುಖ ಹತ್ತಿರ, ನಗು ಅಗಲ, ಸುತ್ತ ಏಳೆಂಟು ಶೀರ್ಷಿಕೆಗಳ ಗಲಾಟೆ. ರಾಕ್ ಪತ್ರಿಕೆಯಲ್ಲಿ ನಾಲ್ಕು ಜನ, ಮುಖ್ಯ ಗಾಯಕ ಒಂದು ಹೆಜ್ಜೆ ಮುಂದೆ, ಎಲ್ಲರಿಗೂ ಕಪ್ಪು ಬಟ್ಟೆ, ಒಬ್ಬನಿಗೂ ನಗು ಬಾರದು. ಶಾಸ್ತ್ರೀಯ ಸಂಗೀತದ ಪತ್ರಿಕೆಯಲ್ಲಿ ವಾದ್ಯ ಎದೆಗವಚಿಕೊಂಡು ಎಲ್ಲೋ ದೂರ ನೋಡುವ ಕಲಾವಿದ, ತೆಳ್ಳನೆಯ ಅಕ್ಷರ, ಸುತ್ತ ಬೇಕಾದಷ್ಟು ಖಾಲಿ ಜಾಗ. ಗಂಡಸರ ಕೈಗೆ ವಾದ್ಯ, ಹೆಂಗಸರ ಕೈ ಗದ್ದಕ್ಕೆ. ಈಚೆಗೆ ಗಂಡಸರೂ ಗದ್ದಕ್ಕೆ ಕೈ ಹಚ್ಚತೊಡಗಿದ್ದರು. ಎಲ್ಲದರಲ್ಲೂ ಪತ್ರಿಕೆಯ ಹೆಸರು ನೆತ್ತಿಯ ಮೇಲೆ, ಮುಖ್ಯ ಮಾತು ಎಡ ಅಂಚಿನಲ್ಲಿ. ಕೂದಲು ಅಕ್ಷರವನ್ನು ತುಸು ಮುಚ್ಚಿದರೂ ನಡೆಯುತ್ತದೆ. ಒಮ್ಮೆ ಮಾತ್ರ ಒಬ್ಬನ ಗುಂಗುರು ಕೂದಲು ಒತ್ತಕ್ಷರವನ್ನೇ ನುಂಗಿ, 'ಎಲ್ಲೆ ಮೀರಿದ ಗಾಯಕ' ಎಂಬುದು 'ಎಲೆ ಮೀರಿದ ಗಾಯಕ' ಆಗಿತ್ತು. ಯಾವ ಎಲೆ ಎಂದು ಓದುಗರು ಪತ್ರ ಬರೆದಿದ್ದರು.

ಹೀಗೆ ಗೆರೆ ಎಳೆಯುತ್ತಿದ್ದಾಗಲೇ ಅವಳ ಪೆನ್ಸಿಲು ಒಂದು ಕಡೆ ನಿಂತಿತ್ತು. ವೇದಿಕೆಯ ಮೇಲೆ ತೆಗೆದ ಚಿತ್ರವೊಂದರಲ್ಲಿ, ಗಾಯಕಿಯ ಭುಜದ ಹಿಂದೆ, ಮಸುಕಾಗಿ ಒಬ್ಬ ಹೆಂಗಸು: ಕತ್ತರಿಸಿದ ಕೂದಲು, ದಪ್ಪ ಕನ್ನಡಕ, ಎದುರಿಗೆ ಮೈಕು. ಈ ಕನ್ನಡಕವನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿ ಹುಡುಕಿದಳು. ಒಂದಾಯಿತು, ಎರಡಾಯಿತು, ಕೊನೆಗೆ ಒಂಬತ್ತು. ಹದಿನಾಲ್ಕು ವರ್ಷಗಳಲ್ಲಿ, ಒಂಬತ್ತು ಬೇರೆ ಬೇರೆ ಗಾಯಕರ ಬೆನ್ನ ಹಿಂದೆ ಒಬ್ಬಳೇ ಹೆಂಗಸು.

ಕಚೇರಿಗೆ ಬಂದು ಎದುರಾಳಿ ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟಾಗ ಸಂಪಾದಕರ ಮುಖ ಬಿಳುಚಿತು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರಾದ್ದರಿಂದ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ನೀಲಿ ಕೋಟನ್ನು ಕಂಪ್ಯೂಟರಿನಲ್ಲೇ ಕೆಂಪು ಮಾಡಿಬಿಡೋಣವೇ ಎಂದು ಕೇಳಿದರು. ಕೋಟು ಬದಲಾದರೆ ಮೂಗು ಬದಲಾಗುವುದಿಲ್ಲ ಎಂದ ಸ್ಕೇಲಕ್ಕ, ಅವರ ತೋಳು ಹಿಡಿದು ಗೋಡೆಯ ಬಳಿ ಕರೆದೊಯ್ದು, ಕೆಂಪು ವೃತ್ತ ಹಾಕಿದ ಒಂಬತ್ತು ಮುಖಪುಟಗಳನ್ನು ಒಂದೊಂದಾಗಿ ತೋರಿಸಿದಳು.

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಯಾರಿದು?"

"ಕೋರಸ್ ಹಾಡೋರು. ಈ ಮುಖಪುಟಗಳಲ್ಲಿ ಇವರಷ್ಟು ಸಲ ಬಂದೋರು ಇನ್ಯಾರೂ ಇಲ್ಲ, ಮೇಷ್ಟ್ರೇ. ಒಂದು ಸಲಾನೂ ಯಾರೂ ನೋಡಿಲ್ಲ."

ಮೇಷ್ಟ್ರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮೊದಲು ಫೋಟೋ ತರಲಿ, ನೋಡೋಣ ಎಂದರು. ಸ್ಕೇಲಕ್ಕನಿಗೆ ಅಷ್ಟೇ ಸಾಕಿತ್ತು. ನಾಲ್ಕು ಸ್ಟುಡಿಯೋಗಳಿಗೆ ಫೋನು ಹಚ್ಚಿದಳು. ಐದನೆಯದರಲ್ಲಿ ಧ್ವನಿಮುದ್ರಕ ನಕ್ಕು, ಕೋರಸಕ್ಕನಾ, ಗಾಜಿನ ಆಚೆಗೇ ಇದ್ದಾರೆ, ಒಂದು ಗಂಟೆಗೆ ಬಿಡುವು ಎಂದ.

ಒಂದಕ್ಕೆ ಐದು ನಿಮಿಷವಿದ್ದಾಗ ಸ್ಕೇಲಕ್ಕ ಛಾಯಾಗ್ರಾಹಕನನ್ನು ಎಳೆದುಕೊಂಡು ಸ್ಟುಡಿಯೋದ ಓಣಿಯಂಥ ಪಡಸಾಲೆಯಲ್ಲಿ ನಿಂತಿದ್ದಳು. ಕೋರಸಕ್ಕ ಹೊರಗೆ ಬಂದು, ಕನ್ನಡಕ ಹಣೆಗೇರಿಸಿ, ಫ್ಲಾಸ್ಕಿನ ಬಿಸಿನೀರು ಗುಟುಕರಿಸುತ್ತಾ ಅವಳ ಮಾತನ್ನು ಪೂರ್ತಿ ಕೇಳಿದಳು. ಐವತ್ತರ ಆಸುಪಾಸಿನ, ಗಟ್ಟಿಮುಟ್ಟಾದ ಹೆಂಗಸು.

"ಮುಖಪುಟಕ್ಕಾ? ಸರಿ. ಹಾಡೋರು ಯಾರು ಬರ್ತಿದಾರೆ? ನಾನು ಎಲ್ಲಿ ನಿಂತ್ಕೋಬೇಕು?"

"ಬೇರೆ ಯಾರೂ ಇಲ್ಲ. ನೀವೊಬ್ಬರೇ."

ಕೋರಸಕ್ಕ ನಕ್ಕಳು. ಯಾರೋ ಗೆಳತಿಯರು ಸೇರಿ ಮಾಡಿಸುತ್ತಿರುವ ಚೇಷ್ಟೆಯಿರಬೇಕೆಂದು ಪಡಸಾಲೆಯ ಆ ತುದಿ ಈ ತುದಿ ನೋಡಿದಳು. ಸ್ಕೇಲಕ್ಕ ಗೋಡೆಯಿಂದ ಬಿಡಿಸಿ ತಂದಿದ್ದ ಒಂಬತ್ತು ಮುಖಪುಟಗಳನ್ನು ಚೀಲದಿಂದ ತೆಗೆದು ಬೆಂಚಿನ ಮೇಲೆ ಹರಡಿದಳು. ಆಗ ನಗು ನಿಂತಿತು. ಕೋರಸಕ್ಕ ಒಂದೊಂದನ್ನೂ ಬೆರಳಿಂದ ಮುಟ್ಟಿದಳು. ಈ ದಿನ ಮಳೆ ಬಂದು ಮೈಕು ಕೈಕೊಟ್ಟಿತ್ತು, ಇದರಲ್ಲಿ ನನಗೆ ಜ್ವರ, ಎಂದು ತನಗೇ ಹೇಳಿಕೊಳ್ಳುವಂತೆ ಹೇಳುತ್ತಾ ಹೋದಳು. ಆರನೆಯದರ ಮೇಲೆ ಬೆರಳು ತಡೆಯಿತು.

"ಅವತ್ತು ಇವರಿಗೆ ಗಂಟಲು ಕಟ್ಟಿತ್ತು. ಮೇಲಿನ ಸ್ವರ ಎಲ್ಲ ನಾನೇ ಹಾಡಿದ್ದು. ಚಪ್ಪಾಳೆ ಹೊಡೆದ ಜನಕ್ಕೆ ಗೊತ್ತೇ ಆಗಲಿಲ್ಲ." ಸ್ವಲ್ಪ ತಡೆದು, "ಅದನ್ನ ಬರೀಬೇಡಿ. ಪಾಪ, ಒಳ್ಳೆಯವರು," ಎಂದಳು.

ಒಪ್ಪಿಕೊಂಡಳು. ಆದರೆ ಎರಡು ಷರತ್ತು ಹಾಕಿದಳು. ಕನ್ನಡಕ ತೆಗೆಯುವುದಿಲ್ಲ, ಗದ್ದಕ್ಕೆ ಕೈ ಇಡುವುದಿಲ್ಲ. "ನನ್ನ ತಲೆ ಹೊರೋಕೆ ನನ್ನ ಕತ್ತೇ ಸಾಕು" ಎಂದಾಗ ಛಾಯಾಗ್ರಾಹಕ ಕ್ಯಾಮೆರಾ ಅಲ್ಲಾಡುವಷ್ಟು ನಕ್ಕ.

ಕಿಟಕಿಯ ಬೆಳಕು ಬೀಳುವ ಬೂದು ಗೋಡೆಗೆ ಆತುಕೊಂಡು ಅವಳು ನಿಂತಳು. ಬೆಳಕು ಚೆನ್ನಾಗಿತ್ತು, ಮುಖವೂ ಚೆನ್ನಾಗಿತ್ತು. ಕೆಲಸ ಕೆಟ್ಟದ್ದು ಕಣ್ಣಿನಲ್ಲಿ. ಕ್ಯಾಮೆರಾ ನೋಡಿ ಎಂದರೆ ನೋಡುವಳು. ಕ್ಲಿಕ್ ಎನ್ನುವ ಹೊತ್ತಿಗೆ ಕಣ್ಣು ತಾನಾಗಿ ಎಡಕ್ಕೆ ಜಾರುತ್ತಿತ್ತು. ಇಪ್ಪತ್ತೇಳು ವರ್ಷ ಎಡಗಡೆ ಮುಂದೆ ನಿಂತ ಗಾಯಕರ ಭುಜವನ್ನೇ ನೋಡುತ್ತಾ, ಅವರು ಉಸಿರೆಳೆದಾಗ ತಾನೂ ಎಳೆಯುತ್ತಾ ಬಂದವಳು. ಅಭ್ಯಾಸ ಬಿಟ್ಟೇನೆಂದರೆ ಬಿಡುತ್ತದೆಯೇ? ನಲವತ್ತು ಚಿತ್ರಗಳು ಹಾಳಾದವು. ಬಿಡುವು ಮುಗಿಯಲು ಹತ್ತು ನಿಮಿಷ ಉಳಿದಿತ್ತು.

ಸ್ಕೇಲಕ್ಕ ಹತ್ತಿರ ಹೋಗಿ, "ಒಂದು ಹಾಡು ಹಾಡ್ತೀರಾ?" ಎಂದಳು. "ನಿಮ್ಮ ಭಾಗ ಬೇಡ. ಮುಂದೆ ನಿಂತೋರು ಹಾಡೋ ಭಾಗ."

ಕೋರಸಕ್ಕ ಅವಳನ್ನೇ ದಿಟ್ಟಿಸಿದಳು. ಆಮೇಲೆ ಬೆನ್ನು ಗೋಡೆಯಿಂದ ಬಿಡಿಸಿಕೊಂಡು, ಪಾದ ಊರಿ, ಪಲ್ಲವಿಯಿಂದಲೇ ಎತ್ತಿಕೊಂಡಳು. ಎಷ್ಟೋ ಜನ ಎಷ್ಟೋ ಸಲ ಕೇಳಿದ ಹಾಡು ಅದು. ಆದರೆ ಹೀಗೆ ಯಾರೂ ಕೇಳಿರಲಿಲ್ಲ. ಮೊದಲ ಸಾಲು ಮುಗಿಯುವಷ್ಟರಲ್ಲಿ ನೋಡಬೇಕಾದ ಭುಜ ಯಾವುದೂ ಎದುರಿಗಿಲ್ಲವೆಂದು ಆ ಕಣ್ಣುಗಳಿಗೆ ಹೊಳೆದಿರಬೇಕು. ನೇರ ಮುಂದೆ ಬಂದವು. ಛಾಯಾಗ್ರಾಹಕ ಒಂದು ಕೈಯಲ್ಲಿ ಫೋನಿನ ರೆಕಾರ್ಡಿಂಗ್ ಒತ್ತಿ, ಇನ್ನೊಂದು ಕೈಯಲ್ಲಿ ಕ್ಲಿಕ್ಕಿಸುತ್ತಲೇ ಹೋದ. ಧ್ವನಿಮುದ್ರಕ ಬಾಗಿಲಿಗೆ ಬಂದು ನಿಂತವನು ಅಲ್ಲೇ ನಿಂತ.

ಕಚೇರಿಯಲ್ಲಿ ಚಿತ್ರ ಪರದೆಯ ಮೇಲೆ ತೆರೆದುಕೊಂಡಾಗ ಮೇಷ್ಟ್ರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಚಿತ್ರ ಅದ್ಭುತವಾಗಿದೆ, ಆದರೆ ಗುರುತೇ ಇಲ್ಲದ ಮುಖವನ್ನು ಜನ ಯಾಕೆ ಕೈಗೆತ್ತಿಕೊಳ್ಳುತ್ತಾರೆ ಎಂಬುದು ಅವರ ಚಿಂತೆ. ಸ್ಕೇಲಕ್ಕ ಗೋಡೆಯ ಕಡೆ ಸ್ಕೇಲು ಚಾಚಿದಳು. ಇನ್ನೂರ ಹನ್ನೆರಡರಲ್ಲಿ ಎಲ್ಲ ನಿಯಮ ಒಟ್ಟಿಗೆ ಮುರಿದ ಮುಖಪುಟ ಒಂದೂ ಇಲ್ಲ. ಚೆನ್ನಾಗಿ ನೆನಪುಳಿದವು ಒಂದೇ ಒಂದು ನಿಯಮ ಮುರಿದಿದ್ದವು. ನಾವೂ ಪರಿಚಿತ ಮುಖ ಬೇಕೆಂಬ ಒಂದನ್ನು ಮುರಿಯೋಣ, ಉಳಿದದ್ದನ್ನು ಅಚ್ಚುಕಟ್ಟಾಗಿ ಪಾಲಿಸೋಣ ಎಂದಳು. ಹೆಸರು ನೆತ್ತಿಯ ಮೇಲೆ. ಮುಖ ಹತ್ತಿರ. ಕಣ್ಣು ಓದುಗರ ಕಣ್ಣಿಗೆ. ಒಂದೇ ದೊಡ್ಡ ಮಾತು.

ಆ ಮಾತೇ ಹೊಳೆಯುತ್ತಿರಲಿಲ್ಲ. 'ಹಿನ್ನೆಲೆಯ ಹಿರಿಮೆ' ಎಂದು ಮೇಷ್ಟ್ರು ಬರೆದು, ಸನ್ಮಾನ ಪತ್ರದ ಹಾಗಿದೆ ಎಂದು ತಾವೇ ಹೊಡೆದುಹಾಕಿದರು. ಗಂಟೆ ಮೂರು ದಾಟಿತ್ತು. ಛಾಯಾಗ್ರಾಹಕ ಬೇಸರಕ್ಕೆ ಫೋನಿನ ರೆಕಾರ್ಡಿಂಗ್ ಹಾಕಿದ. ಪಲ್ಲವಿಯ ಎರಡನೆಯ ಸಾಲಿಗೆ ಮೇಷ್ಟ್ರ ಪೆನ್ನು ನಿಂತಿತು.

"ಅರೆ, ಈ ದನಿ ನನಗೆ ಗೊತ್ತು," ಎಂದರು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಸ್ಕೇಲಕ್ಕ ಆಗಲೇ ಕೀಲಿಗಳನ್ನು ಒತ್ತುತ್ತಿದ್ದಳು; 'ನನಗೆ' ಅಳಿಸಿ 'ನಿಮಗೆ' ಮಾಡಿದ್ದೊಂದೇ ಬದಲಾವಣೆ. ಈ ದನಿ ನಿಮಗೆ ಗೊತ್ತು.

ಮುಖಪುಟವನ್ನು ಬಣ್ಣದಲ್ಲಿ ಮುದ್ರಿಸಿ, ಹಳೆಯ ಸಂಚಿಕೆಯೊಂದಕ್ಕೆ ಹೊದಿಸಿ, ಅವಳು ನಾಲ್ಕಕ್ಕೆ ಅಪ್ಪನ ಅಂಗಡಿಯ ಮುಂದೆ ನಿಂತಳು. ಅಪ್ಪ ಅದನ್ನು ಬೇರೆ ಪತ್ರಿಕೆಗಳ ನಡುವೆ ಸಿಕ್ಕಿಸಿ, ರಸ್ತೆಯ ಆಚೆ ಬದಿಗೆ ದಾಟಿ ಹೋಗಿ, ಸೊಂಟಕ್ಕೆ ಕೈಕೊಟ್ಟು ನೋಡಿದ. ವಾಪಸು ಬಂದು ತಲೆ ಅಲ್ಲಾಡಿಸಿದ.

"ಹೆಂಗಸು ನನ್ನನ್ನ ರಸ್ತೆ ಆಚೆಯಿಂದ್ಲೇ ಕರೀತಾಳೆ. ಆದ್ರೆ ನಿನ್ನ ಮಾತು ಎಲ್ಲಿ ಹೋಯ್ತು?"

ಪಕ್ಕದ ಪತ್ರಿಕೆ ಎಂದಿನಂತೆ ಬಲಭಾಗವನ್ನು ಮುಚ್ಚಿ ಕೂತಿತ್ತು. ದೊಡ್ಡ ಮಾತು ಪೂರ್ತಿ ಅದರ ಅಡಿಗೆ ಹೋಗಿತ್ತು. ಚಿತ್ರದಲ್ಲಿ ಬಲಗಡೆ ಗೋಡೆ ಖಾಲಿಯಿದೆಯೆಂದು ಅವಳು ಅಲ್ಲೇ ಬರೆದುಬಿಟ್ಟಿದ್ದಳು. ಎಡ ಅಂಚಿಗೆ ಇನ್ನೂರ ಹನ್ನೆರಡು ಸಲ ಕೆಂಪು ಗೆರೆ ಎಳೆದವಳು, ಸಡಗರದಲ್ಲಿ ಸ್ವಂತ ಪುಟದಲ್ಲಿ ಅದನ್ನೇ ಮರೆತಿದ್ದಳು. ಬಲಗಡೆ ಬರೆದರೆ ಓದೋಕೆ ಎಕ್ಸ್‌ರೇ ಕಣ್ಣು ಬೇಕು ಎಂದ ಅಪ್ಪ, ತನ್ನ ನಾಲ್ಕು ಬೆರಳು ಜೋಡಿಸಿ ಪುಟದ ಎಡಕ್ಕಿಟ್ಟು, ಇಷ್ಟರೊಳಗೆ ಏನು ಹೇಳ್ತೀಯೋ ಹೇಳು ಎಂದ.

ಅಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಕತ್ತು ಓರೆ ಮಾಡಿ ಪಕ್ಕದ ಪತ್ರಿಕೆ ಸರಿಸಿ, ಆ ಮುಖವನ್ನು ನೋಡಿದರು. ಇವರು ಯಾರು ಎಂದು ಅಪ್ಪನನ್ನು ಕೇಳಿದರು. ಸೋಮವಾರ ಬನ್ನಿ, ಗೊತ್ತಾಗುತ್ತೆ ಎಂದ ಅಪ್ಪ. ಸ್ಕೇಲಕ್ಕ ಅಲ್ಲಿಂದಲೇ ಕಚೇರಿಗೆ ಓಡಿದಳು. ಪಕ್ಕದ ಪತ್ರಿಕೆಯ ಅಡಿಗೆ ಹೋಗದಷ್ಟೇ ಮುಖವನ್ನು ತುಸು ಬಲಕ್ಕೆ ಸರಿಸಿದಳು. ಮಾತನ್ನು ಮೂರು ಸಾಲಾಗಿ ಒಡೆದು ನಾಲ್ಕು ಬೆರಳ ಅಗಲದೊಳಗೆ ನಿಲ್ಲಿಸಿದಳು. ಕೂದಲು ಯಾವ ಒತ್ತನ್ನೂ ನುಂಗಿಲ್ಲವೆಂದು ಎರಡು ಸಲ ನೋಡಿದಳು. ಪುಟ ಮುದ್ರಣಾಲಯ ಸೇರಿದಾಗ ಐದಕ್ಕೆ ಎಂಟು ನಿಮಿಷವಿತ್ತು. ಮೇಷ್ಟ್ರು ಕುರ್ಚಿಯಲ್ಲಿ ಕುಸಿದು, ಪಾಠ ಹೇಳುವ ಕೆಲಸವೇ ನೆಮ್ಮದಿಯಾಗಿತ್ತು ಎಂದರು. ಆದರೆ ಅವರ ಕಾಲು ತಾಳ ಹಾಕುತ್ತಿತ್ತು.

ಸೋಮವಾರ ಮಧ್ಯಾಹ್ನದೊಳಗೆ ಅಪ್ಪನ ಮೊದಲ ಕಟ್ಟು ಮುಗಿಯಿತು. ಇನ್ನೆರಡು ಕಟ್ಟು ಬೇಕು ಎಂದು ಅವನು ಒಂದು ವಾರದೊಳಗೆ ಎರಡನೆಯ ಸಲ ಮಗಳಿಗೆ ಫೋನು ಮಾಡಿದ. ಅವಳು ಕಟ್ಟು ಹೊತ್ತು ತಂದಾಗ ಅಂಗಡಿಯ ಮುಂದೆ ಕೋರಸಕ್ಕ ನಿಂತಿದ್ದಳು. ಎರಡು ಹೆಜ್ಜೆ ಹಿಂದೆ ಸರಿದು, ಗಿರಾಕಿಗಳಿಗೆ ದಾರಿ ಬಿಟ್ಟು ನಿಂತಿದ್ದಳು. ಪತ್ರಿಕೆ ಕೈಗೆತ್ತಿಕೊಂಡ ಒಬ್ಬ ವಯಸ್ಸಾದ ಹೆಂಗಸು ಮುಖಪುಟ ನೋಡಿದಳು, ಕೋರಸಕ್ಕನ ಕನ್ನಡಕ ನೋಡಿದಳು, ಮತ್ತೆ ಮುಖಪುಟ ನೋಡಿದಳು. ನೀವೇನಾ ಎಂದು ಕೇಳಿ, ಯಾವ ದನಿ, ಎಲ್ಲಿ ಒಂದು ಸಾಲು ಹೇಳಿ ನೋಡೋಣ ಎಂದಳು.

ಕೋರಸಕ್ಕ ಸ್ಕೇಲಕ್ಕನ ಕಡೆ ತಿರುಗಿದಳು, ಬಸ್ಸುಗಳ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಒಂದು ಆಲಾಪ ತೆಗೆದಳು. ನಾಲ್ಕೇ ಸ್ವರ. ಆ ಹೆಂಗಸಿನ ಕೈ ಬಾಯಿಗೆ ಹೋಯಿತು. ನಮ್ಮ ಮಗಳ ಮದುವೇಲಿ ದಿನವಿಡೀ ಹಾಕಿದ್ದು ಇದೇ ಹಾಡು ಎಂದು ಅವಳು ಹೇಳಿದ್ದಕ್ಕೆ, ಪಕ್ಕದಲ್ಲಿದ್ದ ಡ್ರೈವರು ತನ್ನ ಬಸ್ಸಿನಲ್ಲಿ ಈಗಲೂ ಇದೇ ಹಾಕುತ್ತೇನೆಂದ. ಜನ ಸೇರಿದರು. ಅಪ್ಪ ಸ್ಟೂಲು ತಂದಿಟ್ಟ. ಕೋರಸಕ್ಕ ಕೂರಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಎದುರಿಗಿದ್ದವರ ಕಣ್ಣನ್ನೇ ನೋಡುತ್ತಾ ಮುಂದಿನ ಸಾಲನ್ನೂ ಹಾಡಿದಳು.

ಹೊರಡುವಾಗ ಮೂರು ಪ್ರತಿ ಕೇಳಿದಳು. ಅಪ್ಪ ಸುರುಳಿ ಸುತ್ತಲು ಹೋದರೆ, ಬೇಡಣ್ಣ, ಮಡಿಕೆ ಬೀಳುತ್ತೆ ಎಂದು ತಡೆದು, ಮೂರನ್ನೂ ಮುಖ ಹೊರಗೆ ಕಾಣುವಂತೆ ಎದೆಗವಚಿಕೊಂಡು ಬಸ್ಸು ಹತ್ತಿದಳು.