ರೈಲಿನ ಚೀಲ

"ಜೇಬಿನಲ್ಲಿ ಎಂತಾದರೂ ಉಂಟಾ ನೋಡಿ," ಎಂದರು ಪುರೋಹಿತರು. ಶವವನ್ನು ಮೀಯಿಸುವ ಮೊದಲು ಅಂಗಿ ಕಳಚಬೇಕಿತ್ತು. ಸುದರ್ಶನನ ಕೈ ಅಣ್ಣನ ಎದೆಯವರೆಗೆ ಹೋಗಿ ಅಲ್ಲೇ ನಿಂತಿತು.

"ಹಕೀಮ್, ನೀನೇ ತೆಗಿ. ಅಣ್ಣನ ಜೇಬು ನನಗಿಂತ ನಿನಗೆ ಗೊತ್ತು."

ವಕೀಲ ಕೃಷ್ಣಮೋಹನರ ಬಳಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದ ಹಕೀಮ್ ಬಾಗಿ, ಕನ್ನಡಕ, ರೈಲಿನ ಟಿಕೇಟು, ನಾಲ್ಕಾಗಿ ಮಡಚಿದ ಒಂದು ಚೀಟಿ ಹೊರತೆಗೆದನು. ಚೀಟಿಯಲ್ಲಿ ಉತ್ತರದ ದೂರದ ಊರಿನ ಕೋರ್ಟಿನ ಮುಂದಿನ ತಾರೀಕಿತ್ತು.

"ಹದಿನೆಂಟನೆಯ ಸಲದ್ದು," ಎಂದನು ಯಜಮಾನರ ಮುಚ್ಚಿದ ಕಣ್ಣು ನೋಡುತ್ತ. "ಇದಕ್ಕೆ ನೀವು ಹೋಗ್ಬೇಕಂತ ಇಲ್ಲ ಸಾರ್."

ಮಿತ್ತೋಡಿ ತೋಡಿಗೆ, ಗದ್ದೆಗಳ ಬದಿಯಲ್ಲಿ ಹರಿಯುವ ಆ ಹಳ್ಳಕ್ಕೆ, ರಬ್ಬರ್ ಕಾರ್ಖಾನೆಯ ಹುಳಿನೀರು ಬೀಳುತ್ತಿದೆಯೆಂದು ಕೃಷ್ಣಮೋಹನರು ಹನ್ನೊಂದು ಮಂದಿ ಕೃಷಿಕರ ಪರವಾಗಿ ಪುತ್ತೂರಿನಲ್ಲಿ ದಾವೆ ಹೂಡಿದ್ದರು. ಕಂಪೆನಿ ಆ ಹನ್ನೊಂದು ಮಂದಿಯ ತಂಟೆಗೆ ಹೋಗಲಿಲ್ಲ. ವಕೀಲರ ಮೇಲೆಯೇ ಮಾನನಷ್ಟದ ದೂರು ಕೊಟ್ಟಿತು. ಅದೂ ಎರಡು ರಾತ್ರಿ ರೈಲಿನಲ್ಲಿ ಕಳೆದು ತಲುಪುವ ಊರಿನಲ್ಲಿ. ಅಲ್ಲಿ ವಿಚಾರಣೆ ಎಂಬುದು ಒಮ್ಮೆಯೂ ನಡೆಯಲಿಲ್ಲ. ಹೋಗುವುದು, ನಿಲ್ಲುವುದು, ತಾರೀಕು ಹಿಡಿದು ಬರುವುದು. ಹದಿನೇಳನೆಯ ಸಲ ಹಿಂತಿರುಗಿ ನೆಟ್ಟಣ ಸ್ಟೇಷನ್ನಿನಲ್ಲಿ ಇಳಿದವರು ಕಲ್ಲುಬೆಂಚಿನ ಮೇಲೆ ಸ್ವಲ್ಪ ಕುಳಿತರು. ಮತ್ತೆ ಏಳಲಿಲ್ಲ.

ಅವರ ಜೊತೆಗೆ ಬಂದ ಖಾಕಿ ಬಣ್ಣದ ಚೀಲವನ್ನು ಆಂಬುಲೆನ್ಸಿನವನು ಅಂಗಳದ ಒಗೆಯುವ ಕಲ್ಲಿನ ಮೇಲೆ ಇಟ್ಟುಹೋಗಿದ್ದ. ಯಾರೂ ಅದನ್ನು ಮುಟ್ಟಿರಲಿಲ್ಲ.

ಚಪ್ಪರದ ಕೆಳಗೆ ಗುರುವಪ್ಪ ಹಕೀಮನ ಪಕ್ಕ ಕುಳಿತು ತಗ್ಗಿದ ದನಿಯಲ್ಲಿ ಕೇಳಿದ. ಹನ್ನೊಂದು ಮಂದಿಯಲ್ಲಿ ಮೊದಲನೆಯವನು ಅವನು.

"ಇವತ್ತು ಕೇಳುದು ತಪ್ಪು. ಆದರೂ... ನಾಳೆ ನಮ್ಮ ಕೇಸು ಉಂಟಲ್ಲ?"

"ಉಂಟು. ಕಡೆಯ ವಾಯಿದೆ. ಯಾರಾದರೂ ನಿಮ್ಮ ವಕಾಲತ್ತಿಗೆ ಹೆಸರು ಹಾಕಿ ನಿಲ್ಲಬೇಕು. ಇಲ್ಲದಿದ್ದರೆ ವಜಾ."

"ಯಾರು ಹಾಕ್ತಾರೆ?"

ಹಕೀಮ್ ಬೇಲಿಯ ಕಡೆ ನೋಡಿದ. ಪುತ್ತೂರಿನಿಂದ ಬಂದ ಹದಿನೈದು ಇಪ್ಪತ್ತು ವಕೀಲರು ಅಲ್ಲಿ ಸಾಲಾಗಿ ನಿಂತಿದ್ದರು. ಎಲ್ಲರೂ ನೆಲ ನೋಡುತ್ತಿದ್ದರು.

*

"ಈ ಕೇಸಿಗೆ ನನ್ನ ಹೆಸರು ಯಾಕೆ ಹಾಕುದಿಲ್ಲ ಸಾರ್?" ಎಂದು ಕಿರಿಯ ವಕೀಲೆ ನಿಶ್ಮಿತಾ ಒಮ್ಮೆ ಕೃಷ್ಣಮೋಹನರನ್ನು ಕೇಳಿದ್ದಳು. ಆಫೀಸಿಗೆ ಸೇರಿ ಆಗ ಎರಡು ವರ್ಷ. ಹಿರಿಯರ ಹೆಸರಿನ ಕೆಳಗೆ ಕಿರಿಯರ ಹೆಸರು ಬರೆಯುವುದು ಎಲ್ಲ ಕಡೆಯ ರೂಢಿ. ತೋಡಿನ ಕೇಸಿನ ವಕಾಲತ್ತಿನಲ್ಲಿ ಮಾತ್ರ ಒಂದೇ ಹೆಸರಿತ್ತು.

"ನಿನ್ನ ಅಕ್ಷರ ಚಂದ ಇಲ್ಲ, ಮಾರಾಯ್ತಿ."

"ಟೈಪು ಮಾಡುದು ಹಕೀಮಣ್ಣ."

"ಸಹಿ ನೀನೇ ಮಾಡ್ಬೇಕಲ್ಲ? ಅದೂ ಚಂದ ಇಲ್ಲ."

ಅವಳಿಗೆ ಬೇಸರವಾಗಿತ್ತು. ತನ್ನ ಮೇಲೆ ನಂಬಿಕೆಯಿಲ್ಲವೆಂದುಕೊಂಡಳು. ಮೂರು ವಾರದ ಮೇಲೆ ದೂರದ ಕೋರ್ಟಿನ ಸಮನ್ಸು ಬಂತು. ಅದರಲ್ಲೂ ಒಂದೇ ಹೆಸರಿತ್ತು.

ಕಂಪೆನಿಯ ಪರ ವಕೀಲ ಗಿರಿಧರ, ಕೃಷ್ಣಮೋಹನರ ಸಹಪಾಠಿ, ಅದೇ ಸಂಜೆ ಬಂದು ಕುಳಿತರು. "ತಪ್ಪಾಯಿತು ಅಂತ ಒಂದು ಸಾಲು ಬರಿ. ನಾಳೆಯೇ ಹಿಂದೆ ತೆಗೆಸ್ತೇನೆ."

"ಒಂದು ಸಾಲಿಗೆ ಎಂತ, ಬರೆಯಬಹುದು," ಎಂದಿದ್ದರು ಕೃಷ್ಣಮೋಹನರು. "ತೋಡು ಕಪ್ಪಾಗಿ ಉಂಟಲ್ಲ, ಅದು ಓದಿ ನಗಾಡೀತು."

ಮರುವಾರ ಖಾಕಿ ಚೀಲ ಕೊಂಡರು. ಒಂದು ಪಂಚೆ, ಗಾಳಿ ತುಂಬುವ ದಿಂಬು, ಅವಲಕ್ಕಿಯ ಡಬ್ಬಿ, ವಿಷ್ಣುಸಹಸ್ರನಾಮದ ಪುಸ್ತಕ. ಪ್ರತಿಸಲ ಬಂದವರು ರೈಲಿನ ಮೈಲಿಗೆಯೆಂದು ಚೀಲವನ್ನು ಒಗೆಯುವ ಕಲ್ಲಿನ ಮೇಲಿಟ್ಟು, ಮಿಂದ ಮೇಲೆಯೇ ಒಳಗೆ ಹೋಗುತ್ತಿದ್ದರು. ಚೀಲ ಅಲ್ಲಿಂದ ಕೊಟ್ಟಿಗೆಯ ಗೂಟಕ್ಕೆ ಏರುತ್ತಿತ್ತು.

*

ಮಾವಿನ ಕಟ್ಟಿಗೆಗೆ ಬೆಂಕಿ ಹಿಡಿಯಿತು. ಗುಡ್ಡೆಯ ಬದಿಯಿಂದ ಹೊಗೆ ಎದ್ದಿತು. ಸಂಸ್ಕಾರ ಮುಗಿಸಿದವರು ತೋಡಿನಲ್ಲಿ ಮುಳುಗು ಹಾಕಿ ಬರುವುದು ಹಿಂದಿನಿಂದ ನಡೆದುಬಂದ ಕ್ರಮ. ಐದು ವರ್ಷದಿಂದ ತೋಡಿಗೆ ಇಳಿಯುವವರಿಲ್ಲ. ವಕೀಲರೆಲ್ಲ ಕೋಟು ಬೇಲಿಗೆ ನೇತುಹಾಕಿ, ಮೈ ಒರೆಸುವ ಬೈರಾಸು ಸುತ್ತಿಕೊಂಡು ಬಾವಿಕಟ್ಟೆಯ ಬಳಿ ತಂಬಿಗೆಗಾಗಿ ಕಾದರು. ಗಿರಿಧರರೂ ಅಲ್ಲಿಗೆ ಬಂದರು.

ತಿಮ್ಮಕ್ಕ ನೀರು ಸೇದುತ್ತಿದ್ದಳು. ತೋಡಿನ ಬದಿಯ ಗದ್ದೆ ಅವಳದು.

"ನೀವು ಯಾಕೆ ಇಲ್ಲಿ? ತೋಡಿಗೆ ಹೋಗಿ ಮೀಯಿರಿ ವಕೀಲರೇ. ನೀರು ಚೊಕ್ಕ ಉಂಟು ಅಂತ ಬರೆದುಕೊಟ್ಟವರು ನೀವೇ ಅಲ್ವಾ?"

ಗಿರಿಧರರು ನಾಲ್ಕು ತಂಬಿಗೆ ಸುರಿದುಕೊಂಡು, ಅಂಗಳದಲ್ಲಿದ್ದ ನಿಶ್ಮಿತಾಳ ಬಳಿ ಬಂದರು. ಅವಳ ಕೈಯಲ್ಲಿ ವಕಾಲತ್ತಿನ ಹಾಳೆಯಿತ್ತು. ಗುರುವಪ್ಪನ ಸಹಿ, ತಿಮ್ಮಕ್ಕನ ಹೆಬ್ಬೆಟ್ಟು, ಉಳಿದವರದು ಆಗಲೇ ಬಿದ್ದಿತ್ತು.

"ಬೇಡ ಮಗೂ," ಎಂದರು ಮೆತ್ತಗೆ. "ನಾನು ಹೆದರಿಸುದಲ್ಲ. ಕಂಪೆನಿಯವರ ಕ್ರಮ ನನಗೆ ಗೊತ್ತು. ತಿಂಗಳೊಳಗೆ ನಿನಗೂ ಅದೇ ರೈಲು."

ನಿಶ್ಮಿತಾ ಹಾಳೆಯನ್ನು ಮೊಣಕಾಲ ಮೇಲಿಟ್ಟು ಸಹಿ ಮಾಡಿದಳು.

"ನನ್ನ ಸಹಿ ಚಂದ ಇಲ್ಲ," ಎಂದಳು. "ಕಂಪೆನಿಯವರಿಗೆ ಓದಲಿಕ್ಕೆ ಕಷ್ಟ ಆದರೆ ನೀವೇ ಹೇಳಿಕೊಡಿ."

ಕೃಷ್ಣಮೋಹನರ ಹೆಂಡತಿ ವಸುಮತಿಯಮ್ಮ ಅಷ್ಟರವರೆಗೆ ಬಾಗಿಲಲ್ಲಿ ಗೋಡೆಗೊರಗಿ ಕುಳಿತಿದ್ದರು. ಈಗ ಸುಬ್ರಹ್ಮಣ್ಯ ದೇವರ ಹೆಸರು ಹೇಳಿ ಎದ್ದು, ಅಂಗಳಕ್ಕಿಳಿದು, ಕಲ್ಲಿನ ಮೇಲಿದ್ದ ಚೀಲವನ್ನು ಎತ್ತಿದರು.

"ಅತ್ತಿಗೆ," ಎಂದು ಸುದರ್ಶನ ಅಡ್ಡ ಬಂದ. "ಸೂತಕದ ಮನೆಯಿಂದ ಯಾರಿಗೂ ಎಂತದೂ ಕೊಡ್ಲಿಕ್ಕಿಲ್ಲ."

"ಗೊತ್ತುಂಟು. ನಿನ್ನ ಅಣ್ಣನಿಗೂ ಗೊತ್ತಿತ್ತು." ಅವರು ಚೀಲದ ಧೂಳು ಕೊಡವಿದರು. "ಇದು ಮನೆಯದ್ದಲ್ಲ. ಹದಿನೇಳು ಸಲದಲ್ಲಿ ಒಮ್ಮೆಯೂ ಮೆಟ್ಟಿಲು ಹತ್ತಿದ್ದಿಲ್ಲ. ರೈಲಿನಿಂದ ಇಳಿದದ್ದು ಹಾಗೇ ಉಂಟು."

ಚೀಲವನ್ನು ನಿಶ್ಮಿತಾಳ ಹೆಗಲಿಗೆ ತಾವೇ ಹಾಕಿದರು. "ದಿಂಬಿನ ಬಿರಡೆ ಸ್ವಲ್ಪ ಸಡಿಲ. ಗಟ್ಟಿ ತಿರುಗಿಸು. ಹೊರಡುವ ಮೊದಲು ಬಾ, ಅವಲಕ್ಕಿ ನಾನು ಕಲಸಿಕೊಡ್ತೇನೆ."

ಬಾವಿಕಟ್ಟೆಯ ಬಳಿ ತಂಬಿಗೆ ಕೆಳಗಿಟ್ಟ ಸದ್ದಾಯಿತು. ಎಲ್ಲರಿಗಿಂತ ಹಿರಿಯ ವಕೀಲರು, ಎಪ್ಪತ್ತು ದಾಟಿದವರು, ಮೈಯಿಂದ ನೀರು ಇಳಿಯುತ್ತಿರುವಾಗಲೇ ಬಂದು ಹಕೀಮನ ಮುಂದೆ ಕೈ ಚಾಚಿದರು.

"ಪೆನ್ನು ಕೊಡು."

"ಸಾರ್, ನಿಮಗೆ ಮಂಡಿ ನೋವು. ರೈಲಿನಲ್ಲಿ..."

"ಕೆಳಗಿನ ಬರ್ತು ಕೊಡ್ತಾರೆ ಮಾರಾಯ. ಕೊಡು ಪೆನ್ನು."

ಅವರ ಹಿಂದೆ ಇನ್ನೊಬ್ಬರು ಬಂದರು. ಮತ್ತೊಬ್ಬರು ಬೈರಾಸಿನಲ್ಲೇ ಕೈ ಒರೆಸಿಕೊಂಡು ನಿಂತರು. ಮೂವರು ಬೇಲಿಯ ಕೋಟು ತೆಗೆದುಕೊಂಡು ಗಿರಿಧರರ ಕಾರಿನ ಕಡೆ ನಡೆದರು. ಅವರಲ್ಲಿ ಒಬ್ಬರು ಅರ್ಧ ದಾರಿಯಿಂದ ತಿರುಗಿ ಬಂದರು.

"ಚೀಲ ಒಂದೇ ಇರುದು," ಎಂದಳು ತಿಮ್ಮಕ್ಕ, ಸೆರಗಿನಿಂದ ಕಣ್ಣೊರೆಸುತ್ತ. "ಇಷ್ಟು ಜನಕ್ಕೆ ಎಲ್ಲಿಂದ ತರುದು?"

ಎಂಟನೆಯ ಹೆಸರಿಗೆ ಹಾಳೆಯ ಜಾಗ ಮುಗಿಯಿತು. ಹಕೀಮ್ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹಾಳೆಯನ್ನು ಮಗುಚಿದನು. ಗುಡ್ಡೆಯ ಹೊಗೆ ಅಂಗಳಕ್ಕೆ ಇಳಿದು ಕಣ್ಣು ಉರಿಯುತ್ತಿತ್ತು. ಅವನು ಯಜಮಾನರ ಕನ್ನಡಕವನ್ನು ಒರೆಸಿ ತನ್ನ ಮೂಗಿಗೇರಿಸಿ, ಕಿಸೆಯಿಂದ ಮರದ ಅಡಿಕೋಲು ತೆಗೆದು, ಹಿಂಬದಿಯ ಬಿಳಿಯಲ್ಲಿ ಒಂದರ ಕೆಳಗೊಂದು ಗೆರೆ ಎಳೆಯತೊಡಗಿದನು.