ತಕ್ಕಡಿ ಮಾಮನ ಮರಿ

ಕೋಟಿನ ಎಡಜೇಬನ್ನು ಒಳಗಿಂದ ಹೊರಕ್ಕೆ ತಿರುವಿ ಕೊಡವಿದಾಗ ಇಸ್ತ್ರಿ ಮೇಜಿನ ಮೇಲೆ ಉದುರಿದ್ದು ಸೊಪ್ಪು. ಒಣಗಿ ಮುರುಟಿದ ನಾಲ್ಕಾರು ದಾಸವಾಳದ ಎಲೆ, ಹಾದಿಬದಿಯಲ್ಲಿ ಹಳದಿ ಹೂ ಬಿಡುತ್ತದಲ್ಲ, ಆ ಕಳೆಗಿಡದ ಎರಡು ದಂಟು. ಬಲಜೇಬಿನಲ್ಲೂ ಅದೇ. ಮೂವತ್ತೊಂದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು ಆಕೆ. ಜೇಬು ನೋಡದೆ ಯಾವ ಬಟ್ಟೆಯನ್ನೂ ಇಸ್ತ್ರಿಗೆ ಹಾಕಿದವಳಲ್ಲ. ಜೇಬುಗಳಲ್ಲಿ ಕಟ್ಟಿಸಿದ ಹಲ್ಲು ಸಿಕ್ಕಿದ್ದುಂಟು, ಪ್ರೇಮಪತ್ರ ಸಿಕ್ಕಿದ್ದುಂಟು. ಗಂಡನ ಜೇಬಿನಲ್ಲಿ ಸೊಪ್ಪು ಸಿಕ್ಕಿದ್ದು ಇದೇ ಮೊದಲು, ಅದೂ ಅವನ ಮೈಗೆ ಕೊನೆಯ ಸಲ ಕೋಟು ಹಾಕುವ ದಿನ.

"ಅತ್ತಿಗೆ, ಬೇಗ. ಅಲ್ಲಿ ಬಟ್ಟೆಗೆ ಕಾಯ್ತಿದಾರೆ," ಎನ್ನುತ್ತ ನಾದಿನಿ ಬಾಗಿಲಲ್ಲಿ ಇಣುಕಿದಳು.

"ನಿಮ್ಮಣ್ಣ ಜೇಬಲ್ಲಿ ಸೊಪ್ಪು ಯಾಕೆ ಇಟ್ಕೊಳ್ತಿದ್ರು?"

"ಏನು?"

"ಸೊಪ್ಪು."

ನಾದಿನಿ ಎಲೆಗಳನ್ನು ನೋಡಿದಳು, ಆಮೇಲೆ ಅತ್ತಿಗೆಯ ಮುಖವನ್ನು ನೋಡಿದಳು. "ಔಷಧಿಗೇನೋ. ಸಕ್ಕರೆ ಕಾಯಿಲೆಗೆ ಏನೇನೋ ಅಗೀತಾರಂತೆ."

"ಇವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ."

"ಹಾಗಾದ್ರೆ ನಂಗೊತ್ತಿಲ್ಲ. ಕೋಟು ಕೊಡಿ."

ಆಕೆ ಕೋಟು ಕೊಟ್ಟಳು. ಕೊಟ್ಟ ಮೇಲೆ ತೋಳಿಗೆ ಇಸ್ತ್ರಿ ಹಾಕಿದೆನೋ ಇಲ್ಲವೋ ಎಂದು ಅನುಮಾನವಾಯಿತು. ಮೂರು ದಿನದಿಂದ ಹೀಗೇ. ಒಂದು ಕೋಣೆಗೆ ಹೋಗುವುದು, ಯಾಕೆ ಬಂದೆ ಎಂದು ನಿಲ್ಲುವುದು.

ಹನ್ನೆರಡರ ಹೊತ್ತಿಗೆ ಅಂತಿಮ ದರ್ಶನದ ಸಭಾಂಗಣದಲ್ಲಿ ಜನ ಸೇರಿದ್ದರು. ಚಿತಾಗಾರದಲ್ಲಿ ಸರದಿ ಮೂರು ಗಂಟೆಗೆ. ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು ಆಕೆ ಬಂದವರಿಗೆಲ್ಲ ತಲೆಯಾಡಿಸುತ್ತಿದ್ದಳು. ದಿನಸಿಯವನು ಬಂದ, ಅಕ್ಕಸಾಲಿಗ ಬಂದ, ಪಾರ್ಸೆಲ್ ಕಚೇರಿಯ ಗುಮಾಸ್ತೆ ಬಂದ, ಹೆರಿಗೆ ವಾರ್ಡಿನ ನರ್ಸ್ ಬಂದಳು. ಗಂಡ ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದ ಮನುಷ್ಯ. ಊರಿನ ಅರ್ಧ ತೂಕ ಅವನ ಕೈಯಲ್ಲೇ ಸರಿಹೋಗಿತ್ತು. ಅಂಗಡಿ ಸಾಲಿನವರೆಲ್ಲ ಅವನನ್ನು ತಕ್ಕಡಿ ಮಾಮ ಎಂದೇ ಕರೆಯುತ್ತಿದ್ದರು.

ಕೊನೆಗೆ ಬಂದವಳು ಅವನ ಅಂಗಡಿಗೆ ಅಂಟಿಕೊಂಡೇ ಇದ್ದ ಜೆರಾಕ್ಸ್ ಅಂಗಡಿಯವಳು. ಆಕೆಯ ಕೈ ಹಿಡಿದುಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ಮರಿ ಹೇಗಿದೆ ಅಮ್ಮ? ಮನೆಗೆ ತಂದ್ಕೊಂಡ್ರಿ ತಾನೆ?"

"ಯಾವ ಮರಿ?"

ಜೆರಾಕ್ಸ್ ಅಂಗಡಿಯವಳು ಕೈ ಬಿಟ್ಟಳು. "ನಿಮಗೆ ಹೇಳಿರಲಿಲ್ವಾ?"

ನಾದಿನಿಯ ಕಿವಿ ನೆಟ್ಟಗಾಯಿತು. ಅಣ್ಣ ಅತ್ತಿಗೆಗೆ ಮಕ್ಕಳಿರಲಿಲ್ಲ. "ಯಾರ ಮರಿ? ಎಷ್ಟು ವಯಸ್ಸು?"

"ಐದು ತಿಂಗಳಾಗಿದೆ. ದಿನಾ ಬೆಳಿಗ್ಗೆ ಬಿಸಿನೀರಲ್ಲಿ ಸ್ನಾನ ಮಾಡಿಸಿ, ತೂಗಿ, ಬರ್ಕೊಳ್ತಿದ್ರು. ನಮ್ಮನೆ ದಾಸವಾಳದ ಎಲೆ ನಾನೇ ತಂದ್ಕೊಡ್ತಿದ್ದೆ."

"ಮಗೂಗೆ ದಾಸವಾಳದ ಎಲೆ ತಿನ್ನಿಸ್ತಿದ್ನಾ?"

"ಮಗು ಅಲ್ಲಮ್ಮ. ಆಮೆ ಮರಿ."

ನಾದಿನಿ ಕುರ್ಚಿಗೆ ಒರಗಿದಳು. ಅವಳ ಮುಖದಲ್ಲಿ ಸಮಾಧಾನವಿತ್ತೋ ನಿರಾಶೆಯಿತ್ತೋ ಹೇಳುವುದು ಕಷ್ಟ.

"ಅಂಗಡೀಲಿ ಅದಕ್ಕೆ ಬಲ್ಬ್ ಹೊತ್ತಿರುತ್ತಲ್ಲ ಅಂತ ನಾನೂ ಸುಮ್ಮನಿದ್ದೆ," ಎಂದಳು ಜೆರಾಕ್ಸ್ ಅಂಗಡಿಯವಳು. "ಅದಕ್ಕೆ ಬೆಚ್ಚಗಿರಬೇಕು. ಚಳೀಲಿ ಬದುಕಲ್ಲ ಅಂತ ಮಾಮ ಯಾವಾಗ್ಲೂ ಹೇಳ್ತಿದ್ರು."

*

ಮೂರು ದಿನದ ಹಿಂದೆ ಅವನು ಅಂಗಡಿಯಿಂದ ಊಟಕ್ಕೆ ಬರುತ್ತ ಬಸ್‌ಸ್ಟಾಪಿನಲ್ಲಿ ಕುಸಿದಿದ್ದ. ಆಸ್ಪತ್ರೆಯ ಮೊಗಸಾಲೆಯಲ್ಲಿ ಡಾಕ್ಟರು ಏನೋ ಹೇಳಿ ಹೋದ ಮೇಲೆ, ಆಕೆಯ ತಮ್ಮ ಹತ್ತಿರ ಬಂದು, "ಏನು ಮಾಡ್ಲಿ ಅಕ್ಕಾ? ಏನಾದ್ರೂ ಹೇಳು," ಎಂದ.

ಆಕೆ ಬಹಳ ಹೊತ್ತು ಯೋಚಿಸಿ, "ಅಂಗಡಿ ತೆರೆದೇ ಇರುತ್ತೆ. ಶಟರ್ ಎಳೆದು, ಮೈನ್ ಸ್ವಿಚ್ ಆಫ್ ಮಾಡಿ ಬಾ," ಎಂದಿದ್ದಳು. "ಏನಾದ್ರೂ ಹೊತ್ತಿಕೊಂಡ್ರೆ ಕಷ್ಟ."

ಆ ದಿನ ಆಕೆ ಸ್ಪಷ್ಟವಾಗಿ ಆಡಿದ ಮಾತು ಅದೊಂದೇ. ಎಂಥ ಹೊತ್ತಿನಲ್ಲೂ ತಲೆ ನೆಟ್ಟಗಿದೆ ಇವಳದು ಎಂದು ಬಂಧುಗಳು ಹೊಗಳಿದ್ದರು.

*

"ಎಲ್ಲಿಗೆ ಅತ್ತಿಗೆ? ಅಣ್ಣನ್ನ ಹೀಗೆ ಬಿಟ್ಟು?" ಎಂದು ನಾದಿನಿ ಅಂದಾಗ ಆಕೆ ಆಗಲೇ ಬಾಗಿಲ ಬಳಿ ಇದ್ದಳು.

"ಅವರು ಎಲ್ಲೂ ಹೋಗಲ್ಲ. ನೀನು ಕೂತಿರು."

ನಾದಿನಿ ಕೂರಲಿಲ್ಲ, ಹಿಂದೆಯೇ ಬಂದಳು. ತಮ್ಮ ಬೀಗದಕೈ ಹುಡುಕಿಕೊಳ್ಳುತ್ತ ಓಡಿಬಂದ, ಜೆರಾಕ್ಸ್ ಅಂಗಡಿಯವಳೂ ಜೊತೆಗೆ ಹೊರಟಳು. ಸಭಾಂಗಣದಿಂದ ಅಂಗಡಿ ಸಾಲಿಗೆ ಹತ್ತು ನಿಮಿಷದ ದಾರಿ. ಚಳಿಗಾಲದ ಬಿಸಿಲು ಕಣ್ಣಿಗಷ್ಟೇ ಇತ್ತು, ಮೈಗೆ ತಾಕುತ್ತಿರಲಿಲ್ಲ.

ಆಕೆ ಅಂಗಡಿಗೆ ಕಾಲಿಟ್ಟು ವರ್ಷದ ಮೇಲಾಗಿತ್ತು. ಶಟರ್ ಏಳುತ್ತಲೇ ಎಣ್ಣೆಯ ವಾಸನೆ, ಹಿತ್ತಾಳೆಯ ವಾಸನೆ. ಗೋಡೆಯ ತುಂಬ ತಟ್ಟೆ, ಸರಪಳಿ, ಮುಳ್ಳು. ಕೆಲಸದ ಮೇಜಿನ ಅಡಿಯಿಂದ ಜೆರಾಕ್ಸ್ ಅಂಗಡಿಯವಳು ಒಂದು ನೀಲಿ ಟಬ್ಬನ್ನು ಎಳೆದಳು.

"ಇದು ನನ್ನ ಟಬ್," ಎಂದಳು ಆಕೆ. ಐದು ತಿಂಗಳಿಂದ ಮನೆಯಲ್ಲಿ ಅದಕ್ಕಾಗಿ ಹುಡುಕಿದ್ದಳು. ಪಕ್ಕದ ಮನೆಯವರ ಮೇಲೆ ಅನುಮಾನಪಟ್ಟು ಅವರ ಜೊತೆ ಮಾತೂ ಬಿಟ್ಟಿದ್ದಳು. ಹುಡುಕುವುದಕ್ಕೆ ಗಂಡನೂ ಮಂಚದ ಕೆಳಗೆಲ್ಲ ಬಗ್ಗಿ ನೋಡಿದ್ದ.

ಟಬ್ಬಿನಲ್ಲಿ ಬೆರಳುದ್ದ ಮಣ್ಣು, ನಾರು. ಒಂದು ತುದಿಗೆ ತಂತಿಯಿಂದ ಇಳಿಬಿಟ್ಟ ಬಲ್ಬು, ಇನ್ನೊಂದು ತುದಿಗೆ ಒಡೆದ ಹೂಕುಂಡದ ಚೂರು ಕವುಚಿ ಮಾಡಿದ ಗುಹೆ. ನೀರಿಗೆ ಒಂದು ಡಬ್ಬಿಯ ಮುಚ್ಚಳ. ನೀರು ಬತ್ತಿತ್ತು. ತಮ್ಮ ಮೈನ್ ಸ್ವಿಚ್ ಎತ್ತಿದ, ಬಲ್ಬು ಹೊತ್ತಿಕೊಂಡಿತು. ಆಕೆ ಹೂಕುಂಡದ ಚೂರು ಎತ್ತಿದಳು.

ಆಕ್ರೋಡಿನಷ್ಟಿತ್ತು. ತಲೆ, ಕಾಲು ಎಲ್ಲ ಒಳಗೆ. ಅಂಗೈಯಲ್ಲಿಟ್ಟುಕೊಂಡರೆ ಹೊಳೆಯ ಕಲ್ಲಿನಂತೆ ತಣ್ಣಗೆ.

"ಹೋಗಿದೆ," ಎಂದಳು ನಾದಿನಿ.

"ಮಲಗಿರಬಹುದು," ಎಂದ ತಮ್ಮ. ಮೈನ್ ಸ್ವಿಚ್ಚಿನ ಹತ್ತಿರವೇ ನಿಂತಿದ್ದ, ಹತ್ತಿರ ಬರಲಿಲ್ಲ. "ನಂಗೆ ಗೊತ್ತಿರಲಿಲ್ಲ ಅಕ್ಕಾ. ಮೇಜಿನ ಕೆಳಗೆ ನೋಡಲೇ ಇಲ್ಲ."

"ಹೇಳಿದ್ದು ನಾನು. ಸುಮ್ಮನಿರು."

ಜೆರಾಕ್ಸ್ ಅಂಗಡಿಯವಳು ಮೊಳೆಗೆ ನೇತುಹಾಕಿದ್ದ ನೋಟುಪುಸ್ತಕ ತೆಗೆದು ಕೊಟ್ಟಳು. ಗಂಡನ ಅಕ್ಷರ, ತಕ್ಕಡಿಯ ಮುಳ್ಳಿನಷ್ಟು ನೆಟ್ಟಗೆ. ಮೊದಲ ಪುಟ: 'ಔಷಧದಂಗಡಿಯವರ ಮನೆ ಆಮೆಯ ನಾಲ್ಕು ಮರಿಗಳಲ್ಲಿ ಕಿರಿಯದು. ತೂಗಲು ತಂದರು. 18.4 ಗ್ರಾಂ. ಬದುಕುವುದು ಅನುಮಾನ ಎಂದರು. ಇಟ್ಟುಕೊಂಡೆ.' ಅದರ ಕೆಳಗೆ: 'ಒಂದು ತುದಿ ಬೆಚ್ಚಗೆ, ಒಂದು ತುದಿ ತಣ್ಣಗೆ ಇರಬೇಕು. ಎಲ್ಲಿರುವುದೆಂದು ಅದೇ ಆರಿಸಿಕೊಳ್ಳಲಿ. ಮಣ್ಣು ಒಣಗಕೂಡದು. ಸ್ನಾನದ ನೀರು ಗದ್ದಕ್ಕಿಂತ ಮೇಲೆ ಬರಕೂಡದು.'

ಆಕೆ ಪುಟ ತಿರುವಿದಳು. 19.1. 19.0, ತಿನ್ನಲಿಲ್ಲ. 20.3, ಮೊಟ್ಟೆಚಿಪ್ಪಿನ ಪುಡಿ ಹಾಕಿದೆ. ನಡುವೆ ಒಂದು ಕಡೆ: 'ಭಾನುವಾರ ಇವಳಿಗೆ ಹೇಳುವುದು.' ಎರಡು ವಾರದ ನಂತರ ಮತ್ತೆ ಅದೇ. ಆಮೇಲೆ: '30 ಗ್ರಾಂ ದಾಟಲಿ. ಬದುಕುತ್ತದೆಂದು ಖಾತ್ರಿಯಾದ ಮೇಲೆಯೇ ಹೇಳುವೆ.' ಕೊನೆಯ ಸಾಲು ಮೂರು ದಿನದ ಹಿಂದಿನದು. 28.6.

*

ನಾಲ್ಕು ವರ್ಷದ ಹಿಂದೆ ಅವರ ಮುದಿ ನಾಯಿ ಸತ್ತಿತ್ತು. ಸತ್ತ ಮೇಲೆ ಹದಿನೈದು ದಿನ ಆಕೆ ಅದರ ತಟ್ಟೆ ತೊಳೆದು ತೊಳೆದು ಅದೇ ಜಾಗದಲ್ಲಿ ಇಡುತ್ತಿದ್ದಳು. ಒಂದು ಸಂಜೆ ಅವನು, "ಇನ್ನೊಂದು ತರೋಣ್ವಾ?" ಎಂದ.

"ಬೇಡ. ಇನ್ನು ಈ ಮನೆಯೊಳಗೆ ಯಾವ ಜೀವಾನೂ ತರಬೇಡಿ. ನನ್ನ ಕೈಲಿ ಇನ್ನೊಂದು ಸಲ ಆಗಲ್ಲ."

ಅವನು ಆಯಿತು ಎಂದಿದ್ದ. ವಾದ ಮಾಡುವ ಜಾಯಮಾನ ಅವನದಲ್ಲ. ಮಾತು ಕೊಟ್ಟರೆ ಕೊಟ್ಟ ಹಾಗೇ ನಡೆಯುವವನು, ಮನೆಯೊಳಗೆ ತರಲಿಲ್ಲ.

*

ಜೆರಾಕ್ಸ್ ಅಂಗಡಿಯವಳು ತನ್ನ ಅಂಗಡಿಯಿಂದ ತಂದುಕೊಟ್ಟ ಫ್ಲಾಸ್ಕಿನ ಬಿಸಿನೀರಿಗೆ ನಲ್ಲಿಯ ನೀರು ಬೆರೆಸಿ ಆಕೆ ಮೊಣಕೈ ಅದ್ದಿ ನೋಡಿದಳು. ಮರಿಯನ್ನು ಮುಚ್ಚಳದ ನೀರಿನಲ್ಲಿಟ್ಟು, ಗದ್ದ ಇರಬೇಕಾದ ಜಾಗಕ್ಕೆ ಕೆಳಗಿನಿಂದ ಬೆರಳು ಕೊಟ್ಟು ಹಿಡಿದಳು. ಸಿಟ್ಟು ಬರುತ್ತಿತ್ತು. ಅವನ ಮೇಲೋ, ತನ್ನ ಮೇಲೋ, ಟಬ್ಬಿನ ವಿಷಯದಲ್ಲಿ ಸುಮ್ಮನೆ ಅನುಮಾನಕ್ಕೆ ಗುರಿಯಾದ ಪಕ್ಕದ ಮನೆಯವರ ಮೇಲೋ, ಯಾರ ಮೇಲೆಂದು ತಿಳಿಯಲಿಲ್ಲ. ಹೇಳಿದ್ದರೆ ಆಕೆ ಬೈಯುತ್ತಿದ್ದಳು, ನಿಜ. ಬೈದು, ಸಾಯಂಕಾಲಕ್ಕೆ ಸೊಪ್ಪು ಹೆಚ್ಚಿ ಕೊಡುತ್ತಿದ್ದಳು. ಅಷ್ಟೂ ಗೊತ್ತಿರಲಿಲ್ಲವೇ ಈ ಮನುಷ್ಯನಿಗೆ?

ತಮ್ಮನಿಗೆ ಫೋನು ಬಂತು. "ಶವದ ವ್ಯಾನಿನವರು. ಎರಡೂಕಾಲು ಗಂಟೆ ಆಯ್ತಂತೆ. ಈಗ ಹೊರಡದಿದ್ರೆ ಸರದಿ ತಪ್ಪುತ್ತಂತೆ."

"ಬರ್ತೀವಿ ಅನ್ನು."

"ಅದನ್ನ ಇಲ್ಲೇ ಬಿಡಿ ಅತ್ತಿಗೆ. ಬಲ್ಬ್ ಇದೆಯಲ್ಲ," ಎಂದಳು ನಾದಿನಿ.

"ಮೂರು ದಿನ ಬಿಟ್ಟಿದ್ದಾಯ್ತು."

ಸಣ್ಣ ತೂಕದ ಬಟ್ಟುಗಳ ಮರದ ಪೆಟ್ಟಿಗೆ ಖಾಲಿ ಮಾಡಿ, ಒದ್ದೆ ಬಟ್ಟೆ ಹಾಸಿ, ಮರಿಯನ್ನು ಅದರಲ್ಲಿಟ್ಟುಕೊಂಡಳು. ವ್ಯಾನಿನಲ್ಲಿ ದಾರಿಯುದ್ದಕ್ಕೂ ಅದರ ಮೇಲೆ ಅಂಗೈ ಮುಚ್ಚಿಕೊಂಡೇ ಕೂತಿದ್ದಳು.

ಚಿತಾಗಾರದೊಳಗೆ ಎಲ್ಲ ಬೇಗ ಬೇಗ ಆಯಿತು. ಯಾರೋ ಆಕೆಯ ಬಲಗೈಗೆ ಬಿಳಿ ಹೂ ಕೊಟ್ಟರು. ಎಡಗೈಯಲ್ಲಿ ಮರದ ಪೆಟ್ಟಿಗೆ. ಗಂಡನ ಮುಖ ಕ್ಷೌರ ಮಾಡಿಸಿಕೊಂಡು ಬಂದವನಂತೆ ನುಣ್ಣಗಿತ್ತು. ಕೋಟಿನ ಒಂದು ತೋಳಿಗೆ ಇಸ್ತ್ರಿ ಆಗಿರಲಿಲ್ಲ. ಅದನ್ನೇ ನೋಡುತ್ತ ಆಕೆ ಎಡಗೈ ಮುಂದೆ ಚಾಚಿ, ಕೈಯಲ್ಲಿದ್ದುದನ್ನು ಅವನ ಎದೆಯ ಮೇಲೆ ಇಡಹೋದಳು.

ನಾದಿನಿ ಮೊಣಕೈ ಹಿಡಿದುಕೊಂಡಳು. "ಅದಲ್ಲ ಅತ್ತಿಗೆ. ಹೂವು."

ಆಕೆ ಹೂವಿಟ್ಟಳು. ಕಬ್ಬಿಣದ ಬಾಗಿಲು ಮೇಲಿನಿಂದ ಇಳಿದು ಮುಚ್ಚಿಕೊಂಡಿತು. ಒಂದೂವರೆ ಗಂಟೆ ಕಾಯಬೇಕು ಎಂದರು. ಅಳು ಬರುತ್ತದೆಂದು ಎಲ್ಲರೂ ಆಕೆಯ ಸುತ್ತ ಸಿದ್ಧರಾಗಿ ನಿಂತಿದ್ದರು. ಆಕೆ ಅತ್ತಿತ್ತ ನೋಡಿ, "ಬಿಸಿಲು ಎಲ್ಲಿದೆ?" ಎಂದಳು.

ಹಿಂದಿನ ಅಂಗಳದಲ್ಲಿ ಗೋಡೆಯ ಬುಡಕ್ಕೆ ಒಂದು ತುಂಡು ಹುಲ್ಲುನೆಲ. ಗಾಳಿಯಿರಲಿಲ್ಲ, ಬಿಸಿಲಿಗೆ ಗೋಡೆ ಕಾದಿತ್ತು. ಆಕೆ ಅಲ್ಲೇ ನೆಲದ ಮೇಲೆ ಕೂತು, ಮರಿಯನ್ನು ಹುಲ್ಲಿನಲ್ಲಿಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಬಂದರು.

"ಇದೇನು?" ಎಂದ ದಿನಸಿಯವನು.

"ಮಾಮಂದು," ಎಂದಳು ಜೆರಾಕ್ಸ್ ಅಂಗಡಿಯವಳು.

"ಜೀವ ಇದೆಯಾ?"

"ಗೊತ್ತಿಲ್ಲ."

ಅಕ್ಕಸಾಲಿಗ ಕನ್ನಡಕ ಏರಿಸಿ ಬಗ್ಗಿದ. ಹೆರಿಗೆ ವಾರ್ಡಿನ ನರ್ಸ್ ಮಂಡಿಯೂರಿ, ಹಿಂಗಾಲಿನ ಹತ್ತಿರ ಕಿರುಬೆರಳಿನಿಂದ ಮೆಲ್ಲಗೆ ಮುಟ್ಟಿ ಕಾದಳು. ಇನ್ನೊಮ್ಮೆ ಮುಟ್ಟಿದಳು. "ಎಳೆದುಕೊಳ್ತು," ಎಂದಳು. "ಇಲ್ಲ, ನನ್ನ ಭ್ರಮೆಯೋ ಏನೋ."

ಎಷ್ಟು ಹೊತ್ತಾಯಿತೋ. ತಮ್ಮ ಎರಡು ಸಲ ಬಂದು ಎರಡು ಸಲ ದೂರ ಹೋದ. ಚಿಪ್ಪಿನ ಮುಂದಿನ ಅಂಚಿನಲ್ಲಿ ಬಟಾಣಿಯಷ್ಟು ತಲೆ ಹೊರಗೆ ಬಂದದ್ದನ್ನು ಮೊದಲು ಕಂಡವಳು ನಾದಿನಿ. ಅವಳು ಅತ್ತಿಗೆಯ ಹೆಗಲ ಮೇಲೆ ಕೈಯಿಟ್ಟು ಗಟ್ಟಿಯಾಗಿ ಒತ್ತಿದಳು. ಒಂದು ಕಣ್ಣು ತೆರೆಯಿತು. ಇನ್ನೊಂದು ತೆರೆಯಲು ಮತ್ತೂ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮುಂಗಾಲೊಂದು ಹುಲ್ಲಿನ ಎಸಳನ್ನು ತುಳಿಯಿತು.

"ಈಗ ಇದಕ್ಕೆ ಏನು ತಿನ್ನಿಸ್ಬೇಕು?" ಎಂದ ಗುಮಾಸ್ತೆ.

"ಅದನ್ನ ಅವರು ಬರೆದಿಟ್ಟಿದಾರೆ," ಎಂದಳು ಆಕೆ. ಆಗ ಆಕೆಗೆ ಅಳು ಬಂತು. ಅಳುತ್ತಲೇ ಕೈಯೆತ್ತಿ ಸನ್ನೆ ಮಾಡಿದಳು. "ನಿಮ್ಮ ನೆರಳು ಬೀಳ್ತಿದೆ. ಸ್ವಲ್ಪ ಸರೀರಿ."

ಎಲ್ಲರೂ ಅರ್ಧ ಹೆಜ್ಜೆ ಹಿಂದಕ್ಕೆ ಸರಿದರು. ಸೂರ್ಯ ಇಳಿಯುತ್ತಿದ್ದ, ನೆರಳು ಮತ್ತೆ ಬಂತು, ಮತ್ತೆ ಸರಿದರು. ಚಿತಾಗಾರದ ನೌಕರ ಸಹಿಯ ಕಾಗದ ಹಿಡಿದು ಹೊರಗೆ ಬಂದಾಗ, ಇಸ್ತ್ರಿ ಬಟ್ಟೆ ತೊಟ್ಟ ಹದಿನೆಂಟು ಜನ ಚಿಮಣಿಗೆ ಬೆನ್ನು ಹಾಕಿ, ನೆಲವನ್ನೇ ನೋಡುತ್ತ, ಯಾರೂ ಯಾರ ಕಾಲನ್ನೂ ತುಳಿಯದಂತೆ, ಅಂಗಳದ ಎಡಕ್ಕೆ ಒಂದೊಂದೇ ಹೆಜ್ಜೆ ಸರಿಯುತ್ತಿದ್ದರು.