ಹರ್ನ್‌ಶಾ ಹೆಸರು ಹೋದ ಮನೆ

ನಮ್ಮ ಲಿಂಕನ್‌ಶೈರ್ ಜೌಗಿನಲ್ಲಿ ಹರ್ನ್‌ಶಾ ಅಂದರೆ ಕೊಕ್ಕರೆ ತೋಪು. ಯಾವುದೋ ಕಾಲದಲ್ಲಿ ಆ ತೋಪಿನ ಪಕ್ಕ ಗುಡಿಸಲು ಹಾಕಿದವನಿಗೆ ಜನ ಅದೇ ಹೆಸರು ಅಂಟಿಸಿದರು. ಅವನ ವಂಶದವರು ರಾಜನ ಜೊತೆ ಯುದ್ಧಕ್ಕೆ ಹೋಗಿ, ಗುರಾಣಿಯ ಮೇಲೆ ಮೂರು ಬಿಳಿ ಕೊಕ್ಕರೆ ಬರೆಸಿಕೊಂಡು ಬಂದರು. ಚರ್ಚಿನ ಕಿಟಕಿ, ಸಾರೋಟಿನ ಬಾಗಿಲು, ಬೆಳ್ಳಿ ಚಮಚ, ಎಲ್ಲದರ ಮೇಲೂ ಅದೇ ಲಾಂಛನ.

ಮುದುಕ ಬಾರ್ನಬಿ ಹರ್ನ್‌ಶಾಗೆ ಗಂಡುಮಕ್ಕಳಿರಲಿಲ್ಲ. ಇದ್ದವಳು ಮಗಳು ಡಾರ್ಕಸ್ ಒಬ್ಬಳೇ. ಅವಳನ್ನು ಮದುವೆಯಾಗುವವನು ತನ್ನ ಹೆಸರು ಬಿಟ್ಟು ಹರ್ನ್‌ಶಾ ಆಗಬೇಕೆಂದು ಮುದುಕನ ಹಠ. ಉಣ್ಣೆ ವ್ಯಾಪಾರದ ಲ್ಯಾಂಬರ್ಟ್ ಟಕೆಟ್ ಒಪ್ಪಿದ. "ಟಕೆಟ್ ಅಂದ್ರೆ ಯಾರ್ ತಿರುಗಿ ನೋಡ್ತಾರೆ? ನಿನ್ ಕೊಕ್ಕರೆ ಕೊಡು, ನಾನೂ ಒಂಚೂರು ಹಾರ್ತೀನಿ" ಅಂತ ಅವಳನ್ನು ನಗಿಸುತ್ತಿದ್ದ.

ಅಷ್ಟರಲ್ಲಿ ಮುದುಕ ಹಾಸಿಗೆ ಹಿಡಿದ. ಕಣ್ಣು ಮುಚ್ಚುವುದರೊಳಗೆ ಒಬ್ಬ ಗಂಡು ಹರ್ನ್‌ಶಾನನ್ನು ನೋಡಬೇಕೆಂದು ಹಂಬಲಿಸಿ, ಮದುವೆಗೂ ಮೊದಲೇ ತನ್ನ ಹೆಸರು, ಲಾಂಛನ ಲ್ಯಾಂಬರ್ಟ್‌ಗೆ ಸಿಗಲೆಂದು ರಾಜನಿಗೆ ಅರ್ಜಿ ಹಾಕಿಸಿದ. ಅಪ್ಪಣೆ ಬಂತು. ಟಕೆಟ್ ಹರ್ನ್‌ಶಾ ಆದ. ಮುದುಕ ನೆಮ್ಮದಿಯಾಗಿ ಸತ್ತ.

ಡಾರ್ಕಸ್ ಇನ್ನೂ ಅಪ್ಪನ ಶೋಕದ ಕಪ್ಪು ಬಟ್ಟೆಯಲ್ಲಿದ್ದಾಗಲೇ ಲ್ಯಾಂಬರ್ಟ್ ಪೇಟೆಯ ಬಿಯರ್ ಸಾಹುಕಾರನ ಮಗಳನ್ನು ಮದುವೆಯಾದ. ತನ್ನ ಸಾರೋಟಿನ ಮೇಲೆ ಮೂರು ಕೊಕ್ಕರೆ ಬರೆಸಿದ.

ಡಾರ್ಕಸ್ ನಡೆದುಕೊಂಡೇ ಅವನ ಮನೆಗೆ ಹೋದಳು.

"ಸಾಯೋ ಮನುಷ್ಯನಿಗೆ ಮೋಸ ಮಾಡ್ದೆಯಲ್ಲೋ, ನಾಚಿಕೆ ಆಗ್ಲಿಲ್ವಾ?"

ಅವನು ತಲೆ ತಗ್ಗಿಸಲಿಲ್ಲ. "ನಿಂಗೆ ಮಾಡ್ದೆ, ಒಪ್ಕೋತೀನಿ. ಅವರಿಗೆ ಮಾಡ್ಲಿಲ್ಲ. ನಿಮ್ ಮಗಳನ್ನ ಮದ್ವೆ ಆಗೋಕೆ ನಂಗೆ ಮನಸ್ಸಿಲ್ಲ ಅಂತ ಅರ್ಜಿಗೆ ರುಜು ಹಾಕೋ ದಿನಾನೇ ಹೇಳಿದ್ದೆ."

"ಸುಳ್ಳು."

"ಗಂಜಿ ತಾ ಅಂತ ನಿನ್ನ ಕೆಳಗೆ ಕಳ್ಸಿದ್ರಲ್ಲ, ಆಗ. ಹೆಸರು ಉಳಿದ್ರೆ ಸಾಕು ಅಂದ್ರು. 'ನಾನು ಹೋಗೋ ತನಕ ಅವಳಿಗೆ ಹೇಳ್ಬೇಡ. ಮುನಿಸ್ಕೊಂಡ್ರೆ ನನ್ನ ಯಾರು ನೋಡ್ಕೋತಾರೆ?' ಅಂದ್ರು."

ಡಾರ್ಕಸ್‌ಗೆ ನೆನಪಾಯಿತು. ಆ ದಿನ ಗಂಜಿ ಕುಡಿಸುವಾಗ ಅಪ್ಪ ಅವಳ ಮುಖ ನೋಡಿರಲಿಲ್ಲ. ನಿತ್ರಾಣ ಅಂದುಕೊಂಡು ದಿಂಬು ಸರಿಮಾಡಿದ್ದಳು.

ಸಮಾಧಿಗೆ ಕಲ್ಲು ನಿಲ್ಲಿಸುವ ಹೊತ್ತಿಗೆ ಪಾದ್ರಿ ಕೇಳಿದರು: "ಬರೀ 'ಬಾರ್ನಬಿ' ಅಂತಾನಾ? ಮನೆತನದ ಹೆಸರು? ಲಾಂಛನ?"

"ಅವು ಲ್ಯಾಂಬರ್ಟ್ ಮನೇಲಿವೆ, ಫಾದರ್. ಅಪ್ಪನೇ ಕೊಟ್ಟಿದ್ದು."

"ಊರು ಏನನ್ನತ್ತೆ, ಮಗಳೇ?"

"ಅನ್ಲಿ."

ನಾವು ಅಂದೆವು, ಬೇಕಾದಷ್ಟು ಅಂದೆವು. ಅವಳು ಮದುವೆಯಾಗಲಿಲ್ಲ, ಊರೂ ಬಿಡಲಿಲ್ಲ. ಪ್ರತಿ ಭಾನುವಾರ ಪಕ್ಕದಲ್ಲಿರುವ ಅಮ್ಮನ ಸಮಾಧಿಗೆ ಹೂ ತರುತ್ತಾಳೆ. ಬಾರ್ನಬಿಯ ಕಲ್ಲಿನ ಸುತ್ತ ಹುಲ್ಲು ಬೆಳೆದರೆ ನಮ್ಮಲ್ಲೇ ಯಾರಾದರೂ ಕೀಳಬೇಕು.